ಯಾರು ದೊಡ್ಡವರೆಂದು ಕಿತ್ತೂರಿನಲ್ಲಿ ನಡೆದ ಜಗಳ

ಕಿತ್ತೂರಿನ ಕೋಟೆಯೊಳಗೆ ನಾನು ಮೊದಲು ಕಾಲಿಟ್ಟದ್ದು ನಲವತ್ತು ದಾಟಿದ ಮೇಲೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ; ಬೈಲಹೊಂಗಲದಲ್ಲಿ ನನ್ನಂಥವರು ಓಣಿಗೆ ಹತ್ತು ಮಂದಿ ಸಿಗುತ್ತಾರೆ. ದೂರದೂರಿನವರು ಬುತ್ತಿ ಕಟ್ಟಿಕೊಂಡು, ಮಕ್ಕಳಿಗೆ ಟೊಪ್ಪಿಗೆ ಹಾಕಿಸಿಕೊಂಡು ಬಂದು ನೋಡಿ ಹೋಗುವ ಕೋಟೆ ಅದು. ನಾವು ಮಾತ್ರ "ಅದೇನ್ ಓಡಿ ಹೋಕ್ಕೈತೇನು? ಮುಂದಿನ ಐತಾರ ನೋಡಿದ್ರಾತು" ಎಂದು ಮುಂದೂಡುತ್ತಲೇ ಇರುತ್ತೇವೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಮಾಡಿದವನು ನಮ್ಮ ಕಡೆಯವನೇ ಇರಬೇಕು.

ಯುದ್ಧದ ಮಾತು ಬಂದರೆ ಮಾತ್ರ ನಾವು ಬಹಳ ಚುರುಕು. ಕುಂಪಣಿಯ ಸೈನ್ಯದ ಎದುರು ರಾಣಿ ನಿಂತದ್ದು, ಮೊದಲ ಸಲ ಗೆದ್ದದ್ದು, ಎರಡನೆಯ ಸಲ ಕೋಟೆ ಬಿದ್ದದ್ದು, ಆಕೆಯನ್ನು ನಮ್ಮೂರಿಗೆ ತಂದು ಸೆರೆಯಲ್ಲಿಟ್ಟದ್ದು, ಎಲ್ಲವೂ ಬಾಯಿಪಾಠ. ಈ ಸೀಮೆಯಲ್ಲಿ ಯಾರನ್ನೇ ಕೇಳಿ, ಅವರ ಮುತ್ತಜ್ಜನ ಮುತ್ತಜ್ಜ ರಾಣಿಯ ಕಡೆ ಕತ್ತಿ ಹಿಡಿದಿರುತ್ತಾನೆ. ತೋಪಿನ ಮದ್ದಿನಲ್ಲಿ ಸೆಗಣಿ ಕಲಸಿ ಒಳಗಿನವರೇ ದ್ರೋಹ ಮಾಡಿದರೆಂಬ ಕಥೆಯನ್ನೂ ಅಷ್ಟೇ ರುಚಿಯಾಗಿ ಹೇಳುತ್ತಾರೆ. ಆದರೆ ಆ ಸೆಗಣಿ ಕಲಸಿದವರ ವಂಶ ಮಾತ್ರ ಎಲ್ಲೂ ಬೆಳೆದ ಹಾಗಿಲ್ಲ. ಇಷ್ಟೆಲ್ಲ ಜನ ರಾಣಿಯ ಕಡೆ ಇದ್ದರೆ ಕೋಟೆ ಬಿದ್ದದ್ದು ಹೇಗೆ ಎಂದು ಚಿಕ್ಕವಳಿದ್ದಾಗ ಕೇಳಿ ಬೈಸಿಕೊಂಡಿದ್ದೇನೆ.

ಬೈದವರು ನಮ್ಮ ಅಬ್ಬಾ. ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಧಾರವಾಡ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಜೀವಮಾನವೆಲ್ಲ ಸ್ಟೇರಿಂಗ್ ತಿರುವಿದವರು. ಕಿತ್ತೂರಿನ ಮೇಲೆ ಹಾದುಹೋದದ್ದಕ್ಕೆ ಲೆಕ್ಕವಿಲ್ಲ, ಕೋಟೆಯೊಳಗೆ ಹೋದದ್ದಂತೂ ಒಮ್ಮೆಯೂ ಇಲ್ಲ. ಯಾಕೆ ಎಂದರೆ, "ಅಲ್ಲಿ ಸ್ಟಾಪ್ ಇದ್ದಿದ್ದಿಲ್ಲ" ಎನ್ನುತ್ತಿದ್ದರು. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ಸಿಟ್ಟು ಬಂತೆಂದರೆ ಅಬ್ಬಾ ಕನ್ನಡಕ್ಕೆ ಇಳಿಯುತ್ತಾರೆ. ಜಗಳಕ್ಕೆ ಕನ್ನಡವೇ ಸರಿ, ಬಾಯಿ ತುಂಬುತ್ತದೆ ಎಂಬುದು ಅವರ ಅಭಿಪ್ರಾಯ.

ಅವರ ಬಸ್ಸಿನ ಕಂಡಕ್ಟರ್ ದೊಡವಾಡದವರು. ನನಗೆ ಬುದ್ಧಿ ತಿಳಿದಾಗಿನಿಂದ ನಾನು ಅವರನ್ನು ಕಾಕಾ ಎಂದೇ ಕರೆದದ್ದು, ಅವರ ಹೆಂಡತಿಯನ್ನು ಕಾಕು ಎಂದು. ಇಬ್ಬರೂ ಬೇಡಿ ಬೇಡಿ ಒಂದೇ ಗಾಡಿಗೆ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದರು, ಹಾಕಿಸಿಕೊಂಡು ದಿನವಿಡೀ ಜಗಳವಾಡುತ್ತಿದ್ದರು. ಅಬ್ಬಾನ ಪ್ರಕಾರ ನಮ್ಮ ಪೂರ್ವಜ ಕಿತ್ತೂರಿನ ತೋಪು ಹಾರಿಸುವವನು. ಕಾಕಾನ ಪ್ರಕಾರ ಅವರ ಪೂರ್ವಜ ಕುದುರೆ ಸವಾರ. "ತೋಪು ನಿಮ್ಮಜ್ಜನ ಕೈಯಾಗ ಕೊಟ್ಟಿದ್ದಕ್ಕ ಕೋಟಿ ಬಿತ್ತು" ಎಂದು ಕಾಕಾ, "ನಿಮ್ಮಜ್ಜ ಕುದರಿಗೆ ಹುಲ್ಲು ಹಾಕಾವ, ಸವಾರ ಎಲ್ಲಿಂದ ಆದ?" ಎಂದು ಅಬ್ಬಾ. ಬಸ್ಸಿನಲ್ಲಿ ಕುಳಿತ ಮಂದಿಗೆ ಟಿಕೆಟ್ಟಿನ ರೊಕ್ಕದಲ್ಲಿ ನಾಟಕವೂ ಸಿಗುತ್ತಿತ್ತು.

ಈ ಜಗಳಗಳಿಂದ ಯಾರಿಗೂ ಏನೂ ಆಗಿರಲಿಲ್ಲ. ಆದದ್ದು ಬನ್ನಿಯಿಂದ.

ದಸರೆಯ ದಿನ ಬನ್ನಿ ಗಿಡದ ಎಲೆಯನ್ನು ಒಬ್ಬರ ಕೈಯಲ್ಲೊಬ್ಬರು ಇಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎನ್ನುವುದು ನಮ್ಮ ಕಡೆಯ ರೂಢಿ. ವರ್ಷವೆಲ್ಲ ಮುನಿಸಿಕೊಂಡವರೂ ಅಂದು ಮಾತಾಡುತ್ತಾರೆ. ಅಬ್ಬಾ ಐದು ಹೊತ್ತಿನ ನಮಾಜು ಬಿಟ್ಟವರಲ್ಲ, ಬನ್ನಿಯನ್ನೂ ಬಿಟ್ಟವರಲ್ಲ. ಕಾಕಾ ರಂಜಾನಿಗೆ ನಮ್ಮ ಮನೆಯ ಹಾಲುಶಾವಿಗೆಯ ಸುರಕುಂಬಾ ಕುಡಿಯದೆ ಇದ್ದವರಲ್ಲ. ನೌಕರಿಯಲ್ಲಿದ್ದಾಗ ಬನ್ನಿ ಬಸ್ಸಿನಲ್ಲೇ ಮುಗಿಯುತ್ತಿತ್ತು. ನಿವೃತ್ತಿಯಾದ ಮೇಲೆ ಕೆಲವು ವರ್ಷ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಮುಗಿಯಿತು. ಆಮೇಲೆ ಕಾಕಾ ಬೈಲಹೊಂಗಲದ ಬಾಡಿಗೆ ಮನೆ ಬಿಟ್ಟು ಹೊಲ ನೋಡಿಕೊಳ್ಳಲು ದೊಡವಾಡಕ್ಕೆ ಹೋದರು. ಅಲ್ಲಿಂದ ತೊಂದರೆ ಸುರುವಾಯಿತು.

ಸಣ್ಣವರು ದೊಡ್ಡವರ ಮನೆಗೆ ಹೋಗಿ ಕಾಲು ಮುಟ್ಟಿ ಬನ್ನಿ ಕೊಡಬೇಕು. ಇದು ನಿಯಮ. ಆದರೆ ಇವರಿಬ್ಬರಲ್ಲಿ ದೊಡ್ಡವರು ಯಾರು? ಹಳೆಯ ಕಾಲದ ಮಾಸ್ತರರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ, ಮುಟ್ಟಿದರೆ ಸಾಲೆಗೆ ಸೇರಿಸಿಕೊಂಡು, ಹುಟ್ಟಿದ ದಿನ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ನಮ್ಮ ಸೀಮೆಯ ಒಂದು ಇಡೀ ತಲೆಮಾರು ಹೀಗೆ ಜೂನ್ ಒಂದಕ್ಕೇ ಹುಟ್ಟಿದೆ. ಅಬ್ಬಾ ಮತ್ತು ಕಾಕಾ ಕೂಡ ಒಂದೇ ವರ್ಷದ ಜೂನ್ ಒಂದರವರು. ಒಂದೇ ದಿನ ನಿವೃತ್ತರಾದವರು. ಹಾಗಾಗಿ ಇಬ್ಬರೂ, ತಾನೇ ದೊಡ್ಡವನು ಎಂಬುದರಲ್ಲಿ ಎಳ್ಳಷ್ಟೂ ಸಂಶಯವಿಲ್ಲದವರು.

ಕಾಕಾ ಊರಿಗೆ ಹೋದ ವರ್ಷದ ದಸರೆಗೆ ಅಬ್ಬಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಣ್ಣವನು ಬರಲಿ ಎಂದು ಮನೆಯಲ್ಲಿ ಕುಳಿತರು. ದೊಡವಾಡದಲ್ಲಿ ಕಾಕಾ ಹೊಸ ಧೋತರ ಉಟ್ಟು, ಸಣ್ಣವನು ಬರಲಿ ಎಂದು ಕಟ್ಟೆಯ ಮೇಲೆ ಕುಳಿತರು. ನಡುವೆ ದಿನಕ್ಕೆ ಹಲವು ಬಸ್ಸು ಓಡುತ್ತವೆ. ಆ ಬಸ್ಸುಗಳನ್ನು ಓಡಿಸಿದವರೇ ಇವರು. ಯಾರೂ ಹತ್ತಲಿಲ್ಲ. ಸಂಜೆಯ ಹೊತ್ತಿಗೆ ಇಬ್ಬರಿಗೂ ಅವಮಾನವಾಗಿತ್ತು. ಆ ವರ್ಷದ ರಂಜಾನಿಗೆ ಕಾಕಾ ಬರಲಿಲ್ಲ. ಅಮ್ಮಿ ಒಂದು ಬಟ್ಟಲು ಸುರಕುಂಬಾ ಮುಚ್ಚಿಟ್ಟು, ಮರುದಿನ ಬೈಯುತ್ತ ತಾನೇ ಕುಡಿದಳು. ಎರಡನೆಯ ದಸರೆಯೂ ಹಾಗೆಯೇ ಹೋಯಿತು. ಅಬ್ಬಾ ಬಸ್ ಸ್ಟ್ಯಾಂಡಿಗೆ ಹೋಗುವುದನ್ನೇ ಬಿಟ್ಟರು. ನನ್ನ ಹೊಲಿಗೆ ಅಂಗಡಿಗೆ ಬಂದು ಕುಳಿತು, ಬ್ಲೌಸು ಹೊಲಿಸಲು ಬಂದ ಹೆಂಗಸರಿಗೆ ರಸ್ತೆಯ ನಿಯಮ ಹೇಳತೊಡಗಿದರು. ಗಿರಾಕಿಗಳು ಕಡಿಮೆಯಾದರು.

ಮೂರನೆಯ ದಸರೆ ಹತ್ತಿರ ಬಂದಾಗ ಕಾಕು ಫೋನು ಮಾಡಿದರು. ದನಿ ಇಳಿಸಿ ಮಾತಾಡಿದರು.

"ಯವ್ವಾ, ನಿಮ್ಮ ಕಾಕಾಗ ಶ್ರಾವಣದಾಗ ಎದಿನೋವು ಬಂದಿತ್ತು. ಧಾರವಾಡಕ್ಕ ಒಯ್ದು ಸ್ಪ್ರಿಂಗ್ ಹಾಕಿಸೇವಿ. ಈಗ ಆರಾಮ ಅದಾರ, ಡಾಕ್ಟರ್ ಅಡ್ಡಾಡ್ರಿ ಅಂದಾರ. ಆದ್ರ ಮಾತ ಆಡವಲ್ರು. ಸುಮ್ನ ಹಾದಿ ನೋಡಕೋತ ಕುಂದರತಾರ. ನಿಮ್ಮ ಅಬ್ಬಾನ್ನ ಹೆಂಗರ ಮಾಡಿ ಒಮ್ಮಿ ಅವರ ಎದುರು ಕುಂದ್ರಸವಾ."

"ಈಗ ಹೇಳತೇನಿ ಕಾಕು, ಅಬ್ಬಾ ಓಡಿ ಬರತಾರ."

"ಹೇಳಬ್ಯಾಡ! ಕನಿಕರಕ್ಕ ಬಂದಾನ ಅಂತ ಇವರು ಬಾಗಲಾ ಹಾಕ್ಕೋತಾರ. ನಿನಗ ನಿಮ್ಮ ಕಾಕಾ ಗೊತ್ತಿಲ್ಲೇನು?"

ಗೊತ್ತಿತ್ತು. ಫೋನು ಇಟ್ಟ ಮೇಲೆ ನನಗೆ ಬಹಳ ಹೊತ್ತು ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಹೆದರಿಕೆಯಾಗಿತ್ತು. ಇವರಿಬ್ಬರ ಹಟದಲ್ಲಿ ಯಾವುದೋ ಒಂದು ದಸರೆಗೆ ಬನ್ನಿ ಕೊಡಲು ಒಬ್ಬನೇ ಉಳಿದರೆ, ಆ ಒಬ್ಬನನ್ನು ನಾನು ಏನು ಹೇಳಿ ಸಮಾಧಾನ ಮಾಡಲಿ?

ಆಗಷ್ಟೇ ನಾನು ಬಟ್ಟೆಯ ಗಂಟು ತರಲೆಂದು ಹಳೆಯ ವ್ಯಾನೊಂದನ್ನು ಕೊಂಡು, ಡ್ರೈವಿಂಗ್ ಕಲಿತಿದ್ದೆ. ನನ್ನ ಡ್ರೈವಿಂಗಿನ ಮೇಲೆ ಊರಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ. ಆ ಅಪನಂಬಿಕೆಯೇ ಕೆಲಸಕ್ಕೆ ಬಂತು. "ಐತಾರ ನಾನೊಬ್ಬಳೇ ಕಿತ್ತೂರ ಕೋಟೆ ನೋಡಲು ಹೋಗುತ್ತೇನೆ" ಎಂದೆ. ಒಬ್ಬಳನ್ನೇ ಬಿಡುವುದಕ್ಕೆ ಅಬ್ಬಾಗೆ ಧೈರ್ಯವಾಗಲಿಲ್ಲ, ಬರುತ್ತೇನೆಂದರು. ಕಾಕುಗೆ ಹೊಲಿದ ಬ್ಲೌಸು ಕೊಡುವುದಿದೆ, ದೊಡವಾಡದ ಮೇಲೆ ಹೋಗೋಣ ಎಂದಾಗ ಮುಖ ಬಿಗಿಯಿತು. "ಹೋಗು. ನಾ ಗಾಡಿಯಿಂದ ಇಳಿಯಂಗಿಲ್ಲ." ಸಿಟ್ಟು ಇದೆ ಎಂದು ಕನ್ನಡದಿಂದಲೇ ತಿಳಿಯಿತು. ಅತ್ತ ಕಾಕು, ಆ ಹುಡುಗಿ ಹೊಸದಾಗಿ ಗಾಡಿ ಕಲಿತಿದ್ದಾಳೆ, ಪಕ್ಕದಲ್ಲಿ ಆ ಮುದುಕ ಕುಳಿತು ಕೂಗಾಡುತ್ತಾನೆ, ಹಿಂದೆ ನೋಡಲು ಬುದ್ಧಿ ಇದ್ದವರು ಒಬ್ಬರು ಬೇಡವೇ ಎಂದು ಕಾಕಾನನ್ನು ಕೇಳಿದ್ದರು.

ಭಾನುವಾರ ಬೆಳಿಗ್ಗೆ ವ್ಯಾನು ದೊಡವಾಡದ ಮನೆಯ ಮುಂದೆ ನಿಂತಾಗ ಕಾಕಾ ಚೀಲ ಹಿಡಿದು ಸಿದ್ಧರಾಗಿ ನಿಂತಿದ್ದರು. ಸೊರಗಿದ್ದರು. ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು. ಅಬ್ಬಾ ಕಿಟಕಿಯಿಂದ ಒಮ್ಮೆ ನೋಡಿ, ಎದುರಿನ ಹುಣಸೆ ಮರದ ಕಡೆ ಮುಖ ತಿರುಗಿಸಿದರು. ಕಾಕಾ ಹಿಂದಿನ ಬಾಗಿಲು ತೆರೆದು, ಬಾಗಿಲಿಗೆ ಹತ್ತಿದ ಸೀಟಿನಲ್ಲಿ ಕುಳಿತರು. ಕಂಡಕ್ಟರನ ಜಾಗವದು.

ಗಾಡಿ ಬಿಟ್ಟ ಕೂಡಲೇ ಅಬ್ಬಾ ನನ್ನ ಕಡೆ ಬಾಗಿ ಹೇಳಿದರು: "ನೋಡಿದಿ? ಅವನ ಬಂದು ನಮ್ಮ ಗಾಡಿ ಹತ್ತಿದ."

ಹಿಂದಿನಿಂದ ಕಾಕಾ ಹೇಳಿದರು: "ಯವ್ವಾ, ನನ್ನ ಬಾಗಲಕ್ಕ ಯಾರ್ ಬಂದು ನಿಂತ್ರು ಅನ್ನೂದನ್ನ ಊರ ಮಂದಿ ನೋಡ್ಯಾರ, ಹೇಳು."

ದಾರಿಯುದ್ದಕ್ಕೂ ಹೀಗೆಯೇ. ಇಬ್ಬರ ಮಾತೂ ನನ್ನ ಮೂಲಕ. ಅಬ್ಬಾ ಕಾಲಡಿ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ವ್ಯಾನಿನ ನೆಲ ತೂತು ಮಾಡುವಂತಿದ್ದರು. ಕಾಕಾ ಹಿಂದೆ ಬರುವ ಪ್ರತಿ ಮೋಟರ್‌ಸೈಕಲ್ಲಿನ ಸುದ್ದಿ ಮುಟ್ಟಿಸುತ್ತಿದ್ದರು. ಎರಡೂ ಕಡೆ ಸೋಯಾ ಕಿತ್ತ ಹೊಲಗಳು, ಕರಿಮಣ್ಣು, ಅಲ್ಲಲ್ಲಿ ರಾಶಿ. ಕೈಕಾಸು ಕೊಟ್ಟು ಕಲಿತ ಡ್ರೈವಿಂಗನ್ನು ಒಂದೇ ಬೆಳಿಗ್ಗೆಯಲ್ಲಿ ಮರೆಯುವಂತಾಯಿತು ನನಗೆ.

ಕಿತ್ತೂರಿನಲ್ಲಿ ನಾನು ಫೋನಿನ ನಕಾಶೆ ನಂಬಿ ಒಂದು ಸಂದಿಗೆ ನುಗ್ಗಿದೆ. ಮುಂದೆ ಹೋದಂತೆ ಸಂದಿ ಇಕ್ಕಟ್ಟಾಗಿ, ಕೊನೆಗೆ ಚೀಲ ಹೇರಿದ ಟ್ರ್ಯಾಕ್ಟರ್ ಒಂದು ಎದುರಿಗೆ ನಿಂತಿತು. ಹಿಂದೆ ಹೋಗಬೇಕು. ಒಂದು ಕಡೆ ಗಟಾರ, ಇನ್ನೊಂದು ಕಡೆ ಯಾರದೋ ಮನೆಯ ಕಟ್ಟೆ. ಎರಡು ಸಲ ಪ್ರಯತ್ನಿಸಿದೆ. ಎರಡನೆಯ ಸಲ ಹಿಂದಿನ ಗಾಲಿ ಗಟಾರದ ಅಂಚಿಗೆ ಬಂತು. ಕಟ್ಟೆಯ ಮೇಲೆ ಕುಳಿತ ಅಜ್ಜಿ ಕಾಲು ಮೇಲೆತ್ತಿಕೊಂಡು, ನನ್ನ ಮುಖ ನೋಡಿ ದೇವರನ್ನು ನೆನೆದಳು.

ಅಬ್ಬಾ ಇಳಿದು ಬಂದು ನನ್ನ ಕಡೆಯ ಬಾಗಿಲು ತೆರೆದರು. ನಾನು ಸರಿದು ಕುಳಿತೆ. ಅಷ್ಟರಲ್ಲಿ ಕಾಕಾ ಇಳಿದು ಗಾಡಿಯ ಹಿಂದೆ ಹೋಗಿದ್ದರು. ಗಾಡಿಯ ಬೆನ್ನಿನ ಮೇಲೆ ಎರಡು ಸಲ ಬಡಿದರು. "ಬರ್ಲಿ, ಬರ್ಲಿ, ಬರ್ಲಿ." ಅಬ್ಬಾ ಕನ್ನಡಿ ಕೂಡ ನೋಡಲಿಲ್ಲ. ಎದುರಿನ ಟ್ರ್ಯಾಕ್ಟರನ್ನೇ ನೋಡುತ್ತ, ಕಿವಿಯನ್ನು ಮಾತ್ರ ಹಿಂದಿಟ್ಟು, ಬಡಿದಷ್ಟಕ್ಕೆ ಬಿಡುತ್ತ, ಸುಮ್ಮನಾದಷ್ಟಕ್ಕೆ ನಿಲ್ಲಿಸುತ್ತ ಆ ಸಂದಿಯಿಂದ ವ್ಯಾನನ್ನು ಹೊರಗೆ ತಂದರು. ಗಟಾರಕ್ಕೂ ಗಾಲಿಗೂ ನಡುವೆ ನಾಲ್ಕು ಬೆರಳು ಜಾಗವಿತ್ತು. ಕಾಕಾ ತಪ್ಪು ಬಡಿದಿದ್ದರೆ ನಾವು ಗಟಾರದಲ್ಲಿರುತ್ತಿದ್ದೆವು. ತಪ್ಪು ಬಡಿಯಬಹುದು ಎಂಬ ಯೋಚನೆ ಅಬ್ಬಾನ ಮುಖದ ಮೇಲೆ ಸುಳಿಯಲೂ ಇಲ್ಲ. ಮಾತು ಬಿಟ್ಟ ಮನುಷ್ಯನ ಮೇಲೆ ಅಷ್ಟು ನಂಬಿಕೆ ಇಟ್ಟುಕೊಂಡದ್ದನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

"ನಿಮ್ಮ ಅಬ್ಬಾಗ ಹೇಳು," ಕಾಕಾ ಮತ್ತೆ ಹತ್ತಿ ಕುಳಿತು ಹೇಳಿದರು, "ಕೈ ಇನ್ನೂ ಕೆಟ್ಟಿಲ್ಲ."

"ನಿಮ್ಮ ಕಾಕಾಗ ಹೇಳು," ಅಬ್ಬಾ ಅಂದರು, "ನನ್ನ ಕೈ ಯಾಕ ಕೆಡತಾವು."

ಕೋಟೆಯೊಳಗೆ ಹೋದ ಮೇಲೆ ಇಬ್ಬರೂ ಹತ್ತು ಹೆಜ್ಜೆ ಅಂತರ ಕಾಯ್ದುಕೊಂಡು ನಡೆದರು. ನಾನು ನಡುವೆ, ಸಂಧಾನಕ್ಕೆ ಬಂದ ವಕೀಲೆಯಂತೆ. ಎದೆಯುಬ್ಬಿಸಿ ನೋಡುವಂಥ ಅರಮನೆ ನಮ್ಮ ಕಣ್ಣಮುಂದೆ ಇತ್ತೆಂದು ತಿಳಿಯಬೇಡಿ. ಕುಂಪಣಿಯವರು ಉಳಿಸಿದ್ದು ಗೋಡೆಯ ಬುಡಗಳನ್ನು. ಹುಲ್ಲುಹಾಸಿನ ನಡುವೆ ಕೋಣೆ ಕೋಣೆಗಳ ಗುರುತು, ಸೊಂಟದ ಮಟ್ಟದ ಗೋಡೆ, ಎಲ್ಲಿಂದಲೋ ಆರಂಭವಾಗಿ ಎಲ್ಲಿಗೂ ಮುಟ್ಟದ ಮೆಟ್ಟಿಲು. ಗಂಡುಮಕ್ಕಳು ಆ ಗೋಡೆಗಳನ್ನೇರಿ ಕತ್ತಿ ಹಿಡಿದವರಂತೆ ಕೈ ಎತ್ತಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವರೆಲ್ಲರ ಪೂರ್ವಜರೂ ರಾಣಿಯ ಕಡೆಯವರೇ, ಅನುಮಾನ ಬೇಡ.

"ಅರ್ಧಕ್ಕ ನಿಂತ ಮನಿ ಇದ್ದಂಗ ಐತಿ," ಅಬ್ಬಾ ಅಂದರು.

"ಪೂರಾ ಆದದ್ದನ್ನ ಕೆಡವ್ಯಾರ, ಅರ್ಧಕ್ಕ ನಿಂತದ್ದಲ್ಲ, ತಿಳಿಸಿ ಹೇಳು ಅವರಿಗೆ," ಕಾಕಾ ಅಂದರು.

ಒಂದು ಕಡೆ ಬಚ್ಚಲ ಮನೆಗಳ ಗುರುತಿತ್ತು. ನೀರು ತುಂಬುವ ತೊಟ್ಟಿ, ನೀರು ಹರಿದುಹೋಗುವ ಕಾಲುವೆ, ಕುಳಿತು ಮೀಯುವ ಕಲ್ಲು. ಒಳಗೆ ಬರುವಾಗ ನೋಡಿದ ಮ್ಯೂಸಿಯಮ್ಮಿನ ಕತ್ತಿ ಗುರಾಣಿಗಳ ಮುಂದೆ ನನಗೆ ಏನೂ ಅನ್ನಿಸಿರಲಿಲ್ಲ. ಇಲ್ಲಿ ಮಾತ್ರ ನಿಂತುಬಿಟ್ಟೆ. ಯಾರೋ ಹೆಣ್ಣುಮಕ್ಕಳು ಬಾಗಿಲು ಹಾಕಿಕೊಂಡು ತಲೆಗೆ ನೀರು ಹಾಕಿಕೊಂಡ ಜಾಗ. ಈಗ ನಾಲ್ಕೂ ಕಡೆ ಬಯಲು, ಯಾರು ಬೇಕಾದರೂ ಇಣುಕಬಹುದು. ಸೋಲು ಎಂದರೆ ಇದೂ ಇರಬೇಕು ಎನ್ನಿಸಿತು. ಅಬ್ಬಾ ಪಕ್ಕಕ್ಕೆ ಬಂದು ನಿಂತವರು ಚಪ್ಪಲಿ ಕಾಲನ್ನು ಆ ಕಲ್ಲಿನಿಂದ ಹಿಂದಕ್ಕೆ ತೆಗೆದುಕೊಂಡರು. ಹತ್ತು ಹೆಜ್ಜೆ ಆಚೆ ಕಾಕಾ ಕೂಡ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದರು. ಆ ಹೊತ್ತಿನಲ್ಲಿ ಇಬ್ಬರೂ ತೋಪು, ಕುದುರೆಯ ಮಾತೆತ್ತಲಿಲ್ಲ.

ಮೌನ ಬಹಳ ಹೊತ್ತು ಉಳಿಯಲಿಲ್ಲ. ಬುರುಜಿನ ಕಡೆ ಹೊರಟಾಗ ಅಬ್ಬಾ ನಮ್ಮ ಪೂರ್ವಜ ತೋಪು ಇಟ್ಟ ಜಾಗ ಇಂಥದ್ದೇ ಎಂದು ಬೆರಳು ಮಾಡಿ ತೋರಿಸಿದರು. ಜೀವಮಾನದಲ್ಲಿ ಮೊದಲ ಸಲ ಒಳಗೆ ಬಂದವರು! ಕಾಕಾ, "ಅಲ್ಲಿ ತೋಪು ಇಟ್ರ ಗುಂಡು ನಮ್ಮವರ ಮ್ಯಾಲನ ಬೀಳತಾವು, ಅದಕ್ಕ ಸೋತದ್ದು" ಎಂದು ನನ್ನ ಕಿವಿಗೆ ಹಾಕಿದರು. ನಾನು, ಮದ್ದಿನಲ್ಲಿ ಸೆಗಣಿ ಕಲಸಿದವರು ನಿಮ್ಮಿಬ್ಬರಲ್ಲಿ ಯಾರ ಕಡೆಯವರು ಎಂದು ಮೊದಲು ತೀರ್ಮಾನವಾಗಲಿ ಎಂದೆ. ಇಬ್ಬರೂ ಏಕಕಾಲಕ್ಕೆ ಒಬ್ಬರನ್ನೊಬ್ಬರು ತೋರಿಸಿದರು. ಆ ನೆಪದಲ್ಲಿ ಎರಡು ವರ್ಷದ ಮೇಲೆ ಮೊದಲ ಸಲ ಕಣ್ಣಿಗೆ ಕಣ್ಣು ಕೂಡಿತು. ಅಬ್ಬಾನ ಮೀಸೆ ಅಲುಗಿತು. ನಗಲಿಲ್ಲ, ಆದರೆ ಮೀಸೆ ಅಲುಗಿದ್ದನ್ನು ನಾನು ನೋಡಿದೆ.

ಮೆಟ್ಟಿಲೇರುವಾಗ ಅಬ್ಬಾ ಮುಂದೆ ಹೋದರು. ನಾಲ್ಕು ಮೆಟ್ಟಿಲು ಹತ್ತಿದ ಕಾಕಾ ಗೋಡೆ ಹಿಡಿದು ನಿಂತರು. ಹಣೆಯ ಮೇಲೆ ಬೆವರು. ನಾನು "ಸಾಕು ಕಾಕಾ, ಕುಂದರ್ರಿ" ಎನ್ನುವಷ್ಟರಲ್ಲಿ ಮೇಲೆ ಹೋಗಿದ್ದ ಅಬ್ಬಾ ತಿರುಗಿ ನೋಡಿದರು. ಇಳಿದು ಬಂದರು. ಕಾಕಾಗಿಂತ ಎರಡು ಮೆಟ್ಟಿಲು ಕೆಳಗೆ ಕುಳಿತು, ಮೊಣಕಾಲು ತಿಕ್ಕಿಕೊಳ್ಳುತ್ತ, "ನನ್ನ ಕಾಲು ಹಿಡದಾವು. ಮ್ಯಾಲ ಏನೂ ಇಲ್ಲ, ಬರೇ ಗಾಳಿ ಐತಿ" ಎಂದರು. ಅವರ ಮೊಣಕಾಲಿಗೆ ಏನೂ ಆಗಿರಲಿಲ್ಲ. ಅದು ನನಗೆ ಗೊತ್ತಿತ್ತು. ಕಾಕಾಗೂ ಗೊತ್ತಿರಬೇಕು, ಅವರು ತಲೆ ತಗ್ಗಿಸಿದರು.

ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಅಮ್ಮಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಕಾಕು ಕೊಟ್ಟ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಇಬ್ಬರೂ ತಮ್ಮ ತಮ್ಮ ಮನೆಯದನ್ನು ಬಿಟ್ಟು ಇನ್ನೊಬ್ಬರ ಮನೆಯದನ್ನೇ ತಿಂದರು. ಉಂಡಾದ ಮೇಲೆ ಕಾಕಾ ನಮಗೆ ಬೆನ್ನು ಮಾಡಿ, ಅಂಗಿಯ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು ಬಾಯಿಗೆ ಏನೋ ಹಾಕಿಕೊಂಡರು.

"ಏನದು?" ಅಬ್ಬಾ ಕೇಳಿದರು. ನನ್ನನ್ನಲ್ಲ, ನೇರ ಕಾಕಾನನ್ನೇ.

"ಅಸಿಡಿಟಿದು."

"ಲೇ, ನನಗ ಟೋಪಿ ಹಾಕಬ್ಯಾಡ. ಅಸಿಡಿಟಿ ಗುಳಿಗಿ ಯಾವಾವ ಉಂಡ ಮ್ಯಾಲ ತಗೋತಾನ? ಅದೂ ಮೂರು ಮೂರು?"

ಕಾಕಾ ಪೊಟ್ಟಣವನ್ನು ಮಡಿಚಿ ಕಿಸೆಗೆ ಹಾಕಿಕೊಂಡರು. ಆಮೇಲೆ ಬೇರೆಯವರ ಸುದ್ದಿ ಹೇಳುವವರಂತೆ ಹೇಳಿದರು: "ಎದಿಯಾಗ ಒಂದು ಸ್ಪ್ರಿಂಗ್ ಹಾಕ್ಯಾರ. ಶ್ರಾವಣದಾಗ. ಈಗ ಏನಿಲ್ಲ."

ಅಬ್ಬಾ ನನ್ನ ಕಡೆ ನೋಡಿದರು. ನಾನು ರೊಟ್ಟಿಯ ಬಟ್ಟೆ ಮಡಿಚತೊಡಗಿದೆ. ಅವರಿಗೆ ಎಲ್ಲ ತಿಳಿದುಹೋಯಿತು.

"ಶ್ರಾವಣದಾಗ," ಅಂದರು. "ಧಾರವಾಡದಾಗ ಮಲಗಿದ್ದಿ. ನಾ ಊರಾಗ ಬ್ಲೌಸಿನ ಅಂಗಡ್ಯಾಗ ಕುಂತಿದ್ದೆ. ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬರತಿದ್ದಿ."

"ಬರತಿದ್ದೆ! ಬರಬಾರದಿತ್ತೇನು? ದೊಡ್ಡಸ್ತಿಕಿ ಏನ್ ಸುಡಗಾಡಕ್ಕ ಒಯ್ಯಾಕ ಹೊಂಟಿದ್ದೇನು? ನಾನ ಸಣ್ಣಾವ ಆಗತಿದ್ದೆ. ಇವತ್ತ ಅಲ್ಲೇ ನಿನ್ನ ಬಾಗಲದಾಗನ ಇಳದು ಬರಬೇಕಂತ ಮಾಡಿದ್ದೆ, ನೀ ಮುಖ ಗಂಟು ಹಾಕ್ಕೊಂಡು ನಿಂತಿದ್ದಿ. ಆತು, ತಗೋ, ನೀನ ದೊಡ್ಡಾವ!"

ನನ್ನ ಎದೆ ಹಗುರಾಯಿತು. ಮುಗಿಯಿತು, ನನ್ನ ಕೆಲಸ ಆಯಿತು ಎಂದುಕೊಂಡೆ. ಕಾಕಾಗೆ ಗೆಲುವಿನ ನಗೆ ಬರಬೇಕಿತ್ತು. ಬರಲಿಲ್ಲ.

"ಹಂಗ ಅಂದಿದ್ದು ಚಲೋ ಆತು," ಅಂದರು ಮೆತ್ತಗೆ. "ನೀ ತಿಳದದ್ದು ಬ್ಯಾರೆ. ನಿನ್ನ ಕಡೆ ಕಾಲು ಮುಟ್ಟಿಸಿಕೊಂಡು ನಾ ಏನ್ ಮಾಡಲಿ? ದೊಡ್ಡಾವ ಮೊದಲ ಮ್ಯಾಲ ಹೋಗೂದು ಪದ್ಧತಿ ನೋಡು. ಅದಕ್ಕ ನಾ ದೊಡ್ಡಾವ ಇರಬೇಕು. ನೀ ಮೊದಲ ಇಳದು ಹ್ವಾದ್ರ, ಡ್ರೈವರ್ ಇಲ್ಲದ ಗಾಡ್ಯಾಗ ಕಂಡಕ್ಟರ್ ಕುಂತು ಏನ್ ಮಾಡ್ಯಾನು?"

ಆಚೆ ಫೋಟೊದವರ ಕೇಕೆ ಕೇಳುತ್ತಿತ್ತು. ನನಗೆ ಅಳು ಬಂತು; ಸೆರಗಿನಿಂದ ಕಣ್ಣೊರೆಸಿಕೊಂಡೆ, ಮುಚ್ಚಿಡುವಂಥದ್ದೇನೂ ಇರಲಿಲ್ಲ. ಎರಡು ವರ್ಷ ನಾನು, ಅಮ್ಮಿ, ಕಾಕು ಎಲ್ಲರೂ ಇದನ್ನು ಮುದುಕರ ಹಟ ಎಂದು ಆಡಿಕೊಂಡು ನಕ್ಕಿದ್ದೆವು.

ಅಬ್ಬಾ ಎದ್ದು ನಿಂತರು. ಮುಖ ಕೆಂಪಾಗಿತ್ತು.

"ಹಿಂಗೈತೇನು ಲೆಕ್ಕ? ಹಂಗಾರ ನಾ ಅಂದದ್ದನ್ನ ವಾಪಸ್ ತಗೊಂಡೆ. ನಾನ ದೊಡ್ಡಾವ!"

"ಈಗ ಅಂದೆಲ್ಲೋ, ನಿನ್ನ ಮಗಳ ಮುಂದ?"

"ಅಂದಿದ್ದೆ, ತಗೊಂಡೆ. ನೀ ಹುಟ್ಟಿದಾಗ ನಾ ಅಡ್ಡಾಡತಿದ್ದೆ!"

"ನನ್ನ ಹೆಸರಿಡುವಾಗ ನಿಮ್ಮಪ್ಪನ ಮದುವಿ ಆಗಿದ್ದಿಲ್ಲ!"

ಅಲ್ಲಿಂದ ಸುರುವಾದದ್ದು ಕೋಟೆಯ ಬಾಗಿಲವರೆಗೆ, ಅಲ್ಲಿಂದ ವ್ಯಾನಿನವರೆಗೆ ನಡೆಯಿತು. ಹತ್ತು ಹೆಜ್ಜೆಯ ಅಂತರ ಎಲ್ಲಿ ಹೋಯಿತೋ. ಭುಜಕ್ಕೆ ಭುಜ ತಾಗಿಸಿ, ಒಬ್ಬರ ಮಾತನ್ನೊಬ್ಬರು ಕಡಿಯುತ್ತ ನಡೆದರು. ಎದುರು ಬಂದ ಮಂದಿ ದಾರಿ ಬಿಟ್ಟರು. ವ್ಯಾನಿನಲ್ಲಿ ಅಬ್ಬಾ ಮುಂದಿನ ಸೀಟಿಗೆ ಬರಲಿಲ್ಲ. ಜಗಳಕ್ಕೆ ಅನುಕೂಲವಾಗಲೆಂದು ಹಿಂದೆ ಕಾಕಾನ ಪಕ್ಕದಲ್ಲೇ ಕುಳಿತರು. ನಾನು ತಪ್ಪು ಗೇರಿನಲ್ಲಿ ಹೋದರೂ, ಎಮ್ಮೆಯ ಹಿಂಡಿಗೆ ನುಗ್ಗುವಂತಾದರೂ ಇಬ್ಬರಲ್ಲಿ ಒಬ್ಬರೂ ಗಮನಿಸಲಿಲ್ಲ. ಅಷ್ಟು ನೆಮ್ಮದಿಯಾಗಿ ನಾನು ಆ ತನಕ ಗಾಡಿ ಓಡಿಸಿರಲಿಲ್ಲ.

ದಾರಿಯಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ಎದ್ದು ಬಂದರು. ಅಬ್ಬಾ ಹುಟ್ಟಿದ ವರ್ಷ ಯಾವುದೋ ಬಾವಿ ಬತ್ತಿತ್ತಂತೆ. ಕಾಕಾ ಹುಟ್ಟಿದ ವರ್ಷ ಅದೇ ಬಾವಿ ತೋಡುತ್ತಿದ್ದರಂತೆ. ಇಬ್ಬರ ಸಾಕ್ಷಿಗಳೂ ಸತ್ತುಹೋದವರೇ. ಬಂದು ಸುಳ್ಳೆನ್ನುವವರು ಯಾರೂ ಇರಲಿಲ್ಲ.

ದೊಡವಾಡ ಮುಟ್ಟಿದಾಗ ಹೊತ್ತು ಇಳಿದಿತ್ತು. ಗಾಡಿಯ ಸಪ್ಪಳ ಕೇಳಿ ಕಾಕು ಕೈಯೊರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಕೂಗಾಟ ಕೇಳಿ ಅವರ ಮುಖ ಬಾಡಿತು. ಕಾಕಾ ಇಳಿದರು. ಅವರ ಚೀಲವನ್ನು ಹಿಡಿದುಕೊಂಡು ಅಬ್ಬಾ ಇಳಿದರು. "ನಿನ್ನ ಅಣ್ಣನ ಲಗ್ನ ಆದ ವರ್ಷ ನಾ ಸಾಲಿಗೆ ಹೊಂಟಿದ್ದೆ, ಅದಕ್ಕೇನ್ ಅಂತಿ?" ಎಂದು ಕೇಳುತ್ತ ಅಬ್ಬಾ ಅವರ ಹಿಂದೆಯೇ ಅಂಗಳ ದಾಟಿದರು, ಚಪ್ಪಲಿ ಬಿಟ್ಟರು, ಹೊಸ್ತಿಲು ದಾಟಿದರು, ಒಳಗಿನ ಹೊರಸಿನ ಮೇಲೆ ಹೋಗಿ ಕುಳಿತರು. ತಾನು ಸಣ್ಣವನ ಹಾಗೆ ಅವರ ಮನೆಗೆ ಬಂದದ್ದು ಅಬ್ಬಾಗೆ ಹೊಳೆಯಲಿಲ್ಲ, ಕಾಕಾಗೂ ಹೊಳೆಯಲಿಲ್ಲ. ಅವರು ಅಣ್ಣನ ಲಗ್ನದ ಲೆಕ್ಕ ಹಾಕುತ್ತಿದ್ದರು.

ನಾನು ಬಾಯಿ ತೆರೆದೆ. ಕಾಕು ನನ್ನ ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದರು.

"ಸುಮ್ನಿರವಾ," ಎಂದು ಪಿಸುಗುಟ್ಟಿದರು. "ನೆನಪಾದ್ರ ಎದ್ದು ಬರತಾರ."

ನಾವಿಬ್ಬರೂ ಉಸಿರು ಬಿಗಿಹಿಡಿದು ಬಾಗಿಲಲ್ಲೇ ನಿಂತೆವು, ಒಳಗಿನ ಜಗಳ ನಿಲ್ಲದಿರಲಿ ಎಂದು.